ಜಿಮ್‌ಗೆ ಹಾಡು, ಜೇಬಿಲ್ಲದ ಪ್ಯಾಂಟು

ಶನಿವಾರ, 23 ಆಗಸ್ಟ್ 2025
ರಾಜಾಜಿನಗರ, ರಾತ್ರಿ

ಇವತ್ತು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗಿ ಒಂದು ಎಂಪಿ3 ಪ್ಲೇಯರ್ ತಂದೆ. "ಈ ಕಾಲದಲ್ಲಿ ಅದೆಲ್ಲಾ ಸಿಗುತ್ತಾ?" ಅಂತ ಮನೆಯಲ್ಲಿ ಕೇಳಿದರು. ಸಿಗುತ್ತದೆ. ಆದರೆ ಏನು ಬೇಕು ಅನ್ನೋದು ಮೊದಲೇ ತಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಅಂಗಡಿಯವನು ತನ್ನ ಹತ್ತಿರ ಉಳಿದಿರುವುದನ್ನು ನಮ್ಮ ಕೈಗಿಟ್ಟು ಕಳಿಸುತ್ತಾನೆ.

ಫೋನ್ ಇರುವಾಗ ಇದ್ಯಾಕೆ ಅನ್ನುವವರಿಗೆ ಮೊದಲ ಉತ್ತರ: ನನ್ನ ಜಿಮ್ ಪ್ಯಾಂಟಿಗೆ ಜೇಬಿಲ್ಲ. ಹೆಂಗಸರ ಬಟ್ಟೆ ಹೊಲಿಯುವವರಿಗೆ ಜೇಬಿನ ಮೇಲೆ ಅದೇನು ಸಿಟ್ಟೋ ಗೊತ್ತಿಲ್ಲ. ತೋಳಿಗೆ ಕಟ್ಟುವ ಪಟ್ಟಿ ಅರ್ಧ ಗಂಟೆಯಲ್ಲಿ ಬೆವರಿಗೆ ಜಾರಿ ಮೊಣಕೈಗೆ ಬಂದು ಕೂರುತ್ತದೆ. ಬೆಂಚಿನ ಪಕ್ಕ ನೆಲದ ಮೇಲೆ ಇಡೋಣ ಅಂದರೆ, ನಮ್ಮ ಜಿಮ್‌ನಲ್ಲೇ ಒಬ್ಬ ಹುಡುಗನ ಫೋನಿನ ಮೇಲೆ ಯಾರೋ 10 ಕೆಜಿ ಡಂಬಲ್ ಇಟ್ಟುಬಿಟ್ಟಿದ್ದರು. ಗಾಜು ಪುಡಿಪುಡಿ.

ಎರಡನೇ ಉತ್ತರ ಇನ್ನೂ ಮುಖ್ಯ. ಹಾಡು ಬದಲಿಸೋಣ ಅಂತ ಫೋನ್ ಎತ್ತಿದರೆ ಫ್ಯಾಮಿಲಿ ಗ್ರೂಪಿನ ಶುಭೋದಯ, ಅಪಾರ್ಟ್‌ಮೆಂಟ್ ಗ್ರೂಪಿನ ಪಾರ್ಕಿಂಗ್ ಜಗಳ, ಆಫೀಸಿನ "ಒಂದು ನಿಮಿಷ ಮಾತಾಡಬಹುದಾ". ಎರಡು ಸೆಟ್‌ಗಳ ನಡುವೆ ಒಂದು ನಿಮಿಷ ಸುಧಾರಿಸಿಕೊಳ್ಳಬೇಕಾದ ಕಡೆ ಐದು ನಿಮಿಷ ಹೋಗಿರುತ್ತದೆ. ಮೈ ತಣ್ಣಗಾಗಿರುತ್ತದೆ. ಹಿಂದೆ ಒಬ್ಬರು ಮಷೀನ್ ಯಾವಾಗ ಬಿಡ್ತಾರೋ ಅಂತ ಕಾಯುತ್ತಾ ನಿಂತಿರುತ್ತಾರೆ.

ಜಿಮ್ ಸ್ಪೀಕರಿನಲ್ಲಿ ಹಾಡು ಬರುತ್ತದಲ್ಲ ಅಂತೀರಾ? ಬರುತ್ತದೆ. ಟ್ರೇನರ್ ಹುಡುಗನ ರೀಮಿಕ್ಸ್. ದಿನಾ ಅವೇ.

ಹಾಗಾಗಿ ನನಗೆ ಬೇಕಿದ್ದದ್ದು ಇಷ್ಟೇ. ಕಾಲರಿಗೆ ಸಿಕ್ಕಿಸುವ ಕ್ಲಿಪ್ ಇರಬೇಕು. ನೋಡದೇ, ಬರೀ ಹೆಬ್ಬೆರಳಿನಿಂದ ಮುಂದಿನ ಹಾಡಿಗೆ ಹೋಗೋಕೆ ಆಗಬೇಕು. ಸೌಂಡ್ ಕ್ವಾಲಿಟಿ ಆಮೇಲಿನ ಮಾತು. ಒಂದು ಕಡೆ ಕಬ್ಬಿಣ ಧಡಾರ್ ಅಂತ ಬೀಳುತ್ತಾ, ಇನ್ನೊಂದು ಕಡೆ ಟ್ರೆಡ್‌ಮಿಲ್ ಗುಂಯ್‌ಗುಟ್ಟುತ್ತಾ ಇರುವ ಜಾಗದಲ್ಲಿ 128 ಕೆಬಿಪಿಎಸ್‌ಗೂ 320 ಕೆಬಿಪಿಎಸ್‌ಗೂ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕ; ಜಾಸ್ತಿ ಇದ್ದಷ್ಟೂ ಸೌಂಡ್ ಚೆನ್ನ) ವ್ಯತ್ಯಾಸ ಹುಡುಕುವವರಿಗೆ ನನ್ನ ನಮಸ್ಕಾರ.

ಬಟನ್ ವಿಷಯಕ್ಕೆ ನಾನು ಯಾಕಿಷ್ಟು ಹಟ ಮಾಡುತ್ತೇನೆ ಅಂದರೆ, ಆಪಲ್‌ನವರಿಗೇ ಇದರ ಪಾಠ ಆಗಿದೆ. ಅವರ ಸಣ್ಣ ಮ್ಯೂಸಿಕ್ ಪ್ಲೇಯರ್ ಐಪಾಡ್ ಶಫಲ್ ಬಂದದ್ದು 2005ರಲ್ಲಿ. ಮಾರನೇ ವರ್ಷ ಕ್ಲಿಪ್ ಇರುವ ಪುಟಾಣಿ ಶಫಲ್ ಬಂತು. ಜಿಮ್‌ಗೆ ಅಂತಲೇ ಮಾಡಿದ ಹಾಗಿತ್ತು. 2009ರಲ್ಲಿ ಅದೇನು ತಲೆಗೆ ಬಂತೋ, ಪ್ಲೇಯರಿನ ಮೈಮೇಲಿದ್ದ ಬಟನ್ನುಗಳನ್ನೆಲ್ಲಾ ತೆಗೆದು ಇಯರ್‌ಫೋನಿನ ವೈರಿಗೆ ಹಾಕಿದರು. ಒಂದು ಸಲ ಒತ್ತಿದರೆ ನಿಲ್ಲುತ್ತದೆ, ಎರಡು ಸಲ ಒತ್ತಿದರೆ ಮುಂದೆ, ಮೂರು ಸಲ ಒತ್ತಿದರೆ ಹಿಂದೆ. ಏದುಸಿರು ಬಿಡುತ್ತಾ ಇದನ್ನೆಲ್ಲಾ ಯಾರು ಲೆಕ್ಕ ಇಡ್ತಾರೆ? ಮರುವರ್ಷ, 2010ರಲ್ಲಿ, ಬಟನ್ನುಗಳು ವಾಪಸ್ ಬಂದವು. 12.5 ಗ್ರಾಂ ತೂಕ, 2 ಜಿಬಿ, 15 ಗಂಟೆ ಬ್ಯಾಟರಿ. ಅದೇ ಕೊನೆಯ ಶಫಲ್. 2017ರಲ್ಲಿ ಅದನ್ನೂ ನಿಲ್ಲಿಸಿದರು. 2022ರಲ್ಲಿ ಐಪಾಡ್ ಅನ್ನುವುದೇ ಮುಗಿಯಿತು.

ಸೆಕೆಂಡ್ ಹ್ಯಾಂಡ್ ಶಫಲ್ ಹುಡುಕಿ ತರೋಣ ಅನ್ನೋ ಆಸೆ ನನಗೂ ಇತ್ತು. ಆದರೆ ಅದಕ್ಕೆ ಹಾಡುಗಳನ್ನು ಸುಮ್ನೆ ಎಳೆದು ಹಾಕೋಕೆ ಆಗಲ್ಲ, ಆಪಲ್‌ನದ್ದೇ ಸಾಫ್ಟ್‌ವೇರ್ ಬೇಕು. ಬ್ಯಾಟರಿಗೂ ಎಂಟು ವರ್ಷ ದಾಟಿರುತ್ತದೆ. ಲಿಥಿಯಂ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಡ್ರಾಯರಿನಲ್ಲಿ ಸುಮ್ನೆ ಮಲಗಿದ್ದರೂ ಸವೆಯುತ್ತದೆ.

ಸ್ಮಾರ್ಟ್‌ವಾಚ್ ತಗೋ ಅಂದಳು ನಾದಿನಿ. ವಾಚಿನೊಳಗೇ ಹಾಡು ತುಂಬಿಕೊಳ್ಳಬಹುದು, ನಿಜ. ಆದರೆ ಅದೂ ಟಚ್ ಸ್ಕ್ರೀನೇ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಮಾತು ಕೇಳೋದಿಲ್ಲ.

ಬಸವನಗುಡಿ ಅಕ್ವಾಟಿಕ್ ಸೆಂಟರಿಗೆ ಈಜೋಕೆ ಹೋಗುವ ಗೆಳತಿಯ ಹತ್ತಿರ ಸೋನಿಯ ವಾಕ್‌ಮನ್ ಇದೆ. ಅದರಲ್ಲಿ ಪ್ಲೇಯರ್ ಬೇರೆ, ಇಯರ್‌ಫೋನ್ ಬೇರೆ ಅಂತ ಇಲ್ಲ. ತಲೆಯ ಹಿಂದಿನಿಂದ ಎರಡೂ ಕಿವಿಗೆ ಬರುವ ಒಂದು ಪಟ್ಟಿ, ಅದರೊಳಗೇ 4 ಜಿಬಿ ಮೆಮೊರಿ. ಈಜುವವರಿಗೆ ಬ್ಲೂಟೂತ್ ಕೆಲಸಕ್ಕೆ ಬರೋದಿಲ್ಲ. ಅದರ 2.4 ಗಿಗಾಹರ್ಟ್ಜ್ ಅಲೆಗಳನ್ನು ನೀರು ನುಂಗಿಬಿಡುತ್ತದೆ. ಹಾಡು ಕಿವಿಯಲ್ಲೇ ಇದ್ದರೆ ಮಾತ್ರ ಕೇಳಿಸುತ್ತದೆ. ಒಳ್ಳೆ ಸಾಮಾನು, ವೈರಿನ ಕಾಟವೂ ಇಲ್ಲ. ಆದರೆ ಬೆಂಚ್ ಮೇಲೆ ಅಂಗಾತ ಮಲಗಿದರೆ ಹಿಂದಿನ ಪಟ್ಟಿ ಒತ್ತುತ್ತದೆ. ಅದರಲ್ಲಿ ರೇಡಿಯೋನೂ ಇಲ್ಲ.

ರೇಡಿಯೋ ನನಗೆ ಬೇಕೇ ಬೇಕು. ಬೆಳಿಗ್ಗೆ 102.9ರಲ್ಲಿ ವಿವಿಧ ಭಾರತಿ, ಬೇಜಾರಾದರೆ 101.3ರ ಕಾಮನಬಿಲ್ಲು. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಊರಿನಲ್ಲೇ ಅಲ್ವಾ, 2001ರ ಜುಲೈನಲ್ಲಿ. ಅಂಥ ಊರಿನಲ್ಲಿ ಈಗ ಎಫ್‌ಎಂ ಇರುವ ಫೋನ್ ಹುಡುಕಬೇಕು! ರೇಡಿಯೋ ಬೇಕು ಅಂದರೆ ವೈರ್ ಇರುವ ಇಯರ್‌ಫೋನೂ ಬೇಕು. ಈ ಪುಟ್ಟ ಪ್ಲೇಯರುಗಳಿಗೆ ಆ ವೈರೇ ಆಂಟೆನಾ. ವೈರ್ ಕಿತ್ತರೆ ಸ್ಟೇಷನ್ನೂ ಹೋಯಿತು.

ಇಷ್ಟೆಲ್ಲಾ ತಲೆಯಲ್ಲಿಟ್ಟುಕೊಂಡು ಬೆಳಿಗ್ಗೆ ಮೆಟ್ರೋ ಹತ್ತಿದೆ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ನೇರ. ಬುಧವಾರ ಗಣೇಶನ ಹಬ್ಬ, ಮಂಗಳವಾರ ಗೌರಿ. ಚಿಕ್ಕಪೇಟೆ ಸ್ಟೇಷನ್ನಿನಿಂದ ಮೇಲೆ ಬಂದರೆ ಕಾಲಿಡೋಕೆ ಜಾಗ ಇಲ್ಲ. ಬಾಗಿನದ ಮೊರಗಳು ಆಳೆತ್ತರ ಪೇರಿಸಿವೆ. ಅದನ್ನೆಲ್ಲಾ ದಾಟಿ ಎಸ್‌ಪಿ ರೋಡಿಗೆ ಹೋದರೆ ಅಲ್ಲಿ ಹಬ್ಬದ ಸುಳಿವೇ ಇಲ್ಲ. ಅದೇ ಸಿಸಿಟಿವಿ ಕ್ಯಾಮೆರಾ, ಅದೇ ಕೇಬಲ್ ಸುರುಳಿ, ಅದೇ "ಏನ್ ಬೇಕು ಮೇಡಂ".

ಮೊದಲ ಅಂಗಡಿಯಲ್ಲಿ ತೋರಿಸಿದ್ದು ಶಫಲ್ ನಕಲು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಗುಲಾಬಿ ಬಣ್ಣ, 350 ರೂಪಾಯಿ. ಒಳಗೆ ಮೆಮೊರಿ ಇಲ್ಲ, ಕಾರ್ಡ್ ನಾವೇ ಹಾಕಬೇಕು. ಬೆಲೆ ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಕಣ್ಣು ಮುಚ್ಚಿ ಒತ್ತಿ ನೋಡಿದೆ. ಬಟನ್ನುಗಳೆಲ್ಲಾ ಒಂದೇ ಸಮ, ಎಲ್ಲಿ ಶುರು ಎಲ್ಲಿ ಮುಗಿಯಿತು ಬೆರಳಿಗೆ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಮುಂದಿನ ಹಾಡಿಗೂ ಸೌಂಡ್ ಜಾಸ್ತಿ ಮಾಡೋಕೂ ಒಂದೇ ಬಟನ್. ಚಿಕ್ಕದಾಗಿ ಒತ್ತಿದರೆ ಮುಂದಿನ ಹಾಡು, ಒತ್ತಿ ಹಿಡಿದರೆ ಸೌಂಡ್ ಏರುತ್ತದೆ. ಅವಸರದಲ್ಲಿ ಬೆರಳು ಒಂದು ಕ್ಷಣ ಹೆಚ್ಚು ನಿಂತರೆ ಕಿವಿ ಕಿತ್ತು ಬರುತ್ತದೆ.

ಇಂಥವುಗಳಲ್ಲಿ ಹಾಡಿನ ಕ್ರಮವೂ ಸರಿಯಿರಲ್ಲ. ಹೆಸರು ನೋಡಿ ಜೋಡಿಸುವುದಿಲ್ಲ, ಕಾರ್ಡಿಗೆ ಯಾವುದನ್ನು ಮೊದಲು ಕಾಪಿ ಮಾಡಿದೆವೋ ಅದು ಮೊದಲು. ಸ್ಕ್ರೀನ್ ಇರುವ ಇನ್ನೊಂದು ಅಗ್ಗದ್ದನ್ನೂ ತೆಗೆದ. ನನ್ನ ಹತ್ತಿರ ಇದ್ದ ಕಾರ್ಡ್ ಹಾಕಿ ನೋಡಿದರೆ ಕನ್ನಡದಲ್ಲಿ ಹೆಸರು ಬರೆದ ಹಾಡುಗಳೆಲ್ಲಾ ಸಾಲಾಗಿ ಖಾಲಿ ಚೌಕಗಳು. ಅಶ್ವಥ್ ಯಾರು, ಪಿ.ಬಿ. ಶ್ರೀನಿವಾಸ್ ಯಾರು, ಒಂದೂ ಗೊತ್ತಾಗದು. "ಇಂಗ್ಲಿಷಲ್ಲಿ ಹೆಸರು ಹಾಕ್ಕೊಳ್ಳಿ ಮೇಡಂ, ಎಲ್ಲರೂ ಹಂಗೇ ಮಾಡೋದು" ಅಂದ. ಬೆಂಗಳೂರಿನ ಅಂಗಡಿಯಲ್ಲಿ ನಿಂತು ಈ ಮಾತು ಕೇಳೋಕೆ ಒಂಥರಾ ಆಯಿತು. ಆದರೂ ಅವನು ಹೇಳಿದ್ದು ಸರಿ, ಮನೆಗೆ ಬಂದು ಅದನ್ನೇ ಮಾಡಿದೆ.

ಬೇಕಾದದ್ದು ಸಿಕ್ಕಿದ್ದು ಒಳಗಿನ ಗಲ್ಲಿಯಲ್ಲಿ. ಸ್ಯಾನ್‌ಡಿಸ್ಕ್‌ನ ಕ್ಲಿಪ್ ಜ್ಯಾಮ್, ಹಳೇ ಸ್ಟಾಕ್. ಈ ಕ್ಲಿಪ್ ಮನೆತನ ಶುರುವಾದದ್ದು 2007ರಲ್ಲಿ. ಜ್ಯಾಮ್‌ನಲ್ಲಿ 8 ಜಿಬಿ ಒಳಗೇ ಇರುತ್ತದೆ, ಪಕ್ಕದಲ್ಲಿ ಮೆಮೊರಿ ಕಾರ್ಡಿಗೆ ಜಾಗ, ಎಫ್‌ಎಂ ಉಂಟು, 18 ಗಂಟೆ ಬ್ಯಾಟರಿ ಅಂತ ಕಂಪನಿಯ ಲೆಕ್ಕ. ಮುಂದೆ ನಾಲ್ಕು ದಿಕ್ಕಿನ ಬಟನ್, ನಡುವೆ ಒಂದು. ಸೌಂಡಿಗೆ ಬೇರೆಯೇ, ಅಂಚಿನಲ್ಲಿ. ಕಣ್ಣು ಮುಚ್ಚಿದೆ. ಹೆಬ್ಬೆರಳು ತಾನೇ ನಡುವಿಗೆ ಹೋಗಿ ನಿಂತಿತು, ಅಲ್ಲಿಂದ ಬಲಕ್ಕೆ ಜರುಗಿಸಿ ಒತ್ತಿದರೆ ಟಿಕ್ ಅಂತ ಒಳಗೆ ಹೋಗಿ ಬಂತು. ಮುಂದಿನ ಹಾಡು. ಅಂಗಡಿಯವನು ಒಂದು ತರಾ ನೋಡುತ್ತಿದ್ದ. ಕ್ಲಿಪ್ಪನ್ನು ಅವನ ಕೌಂಟರಿನ ದಪ್ಪ ಬಟ್ಟೆಗೆ ಸಿಕ್ಕಿಸಿ ಎಳೆದೆ. ಬಿಡಲಿಲ್ಲ.

3,000 ಅಂದ. 2,400ಕ್ಕೆ ಇಳಿಸಿದೆ. "ಗ್ಯಾರಂಟಿ ಇಲ್ಲ, ಇಲ್ಲೇ ಚೆಕ್ ಮಾಡಿಕೊಂಡು ತಗೊಳ್ಳಿ" ಅಂದ. ಅರ್ಧ ಗಂಟೆ ಅಲ್ಲೇ ಸ್ಟೂಲ್ ಮೇಲೆ ಕೂತು ಹಾಡು ಕೇಳಿದೆ. ಬ್ಯಾಟರಿ ಗೀಟು ಕದಲಲಿಲ್ಲ. ದುಡ್ಡು ಕೊಟ್ಟೆ.

ಭಾನುವಾರ, 24 ಆಗಸ್ಟ್

ಇಡೀ ಮಧ್ಯಾಹ್ನ ಹಾಡು ತುಂಬಿಸಿದ್ದೇ ಆಯಿತು. ಫೋನಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡುಗಳು ಇಲ್ಲಿಗೆ ಬರೋದಿಲ್ಲ. ಅವು ಆ ಆ್ಯಪ್‌ನ ಬೀಗದೊಳಗೇ ಇರುತ್ತವೆ. ತಿಂಗಳ ದುಡ್ಡು ಕಟ್ಟೋದು ನಿಲ್ಲಿಸಿದರೆ ಅವೂ ಇಲ್ಲ. ನನ್ನ ಹತ್ತಿರ ಹಳೇ ಸಿಡಿಗಳ ಒಂದು ಚೀಲವೇ ಇದೆ. ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇಲ್ಲದ್ದರಿಂದ ಹೊರಗಿನಿಂದ ಸಿಕ್ಕಿಸುವ ಡ್ರೈವನ್ನು ಪಕ್ಕದ ಮನೆಯವರಿಂದ ತಂದೆ. ಸಿಡಿಯಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಬೇಕು. 128ರ ಎಂಪಿ3 ಮಾಡಿದರೆ ಅದೇ ನಿಮಿಷಕ್ಕೆ 1 ಎಂಬಿ ಸಾಕು. ಐದು ನಿಮಿಷದ ಹಾಡು ಅಂದರೆ 5 ಎಂಬಿ. 8 ಜಿಬಿಯಲ್ಲಿ ಸಾವಿರಕ್ಕೂ ಜಾಸ್ತಿ ಹಾಡು ಹಿಡಿಯುತ್ತವೆ. ಅಷ್ಟು ಹಾಡು ಕೇಳುವಷ್ಟು ವ್ಯಾಯಾಮ ಮಾಡಿದರೆ ನಾನು ಒಲಿಂಪಿಕ್ಸಿಗೇ ಹೋಗಬಹುದು.

ವ್ಯಾಯಾಮ ಮತ್ತು ಸಂಗೀತದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಾಗಿಯೋರ್ಗಿಸ್. ಅವರ ಪ್ರಕಾರ ನಿಮಿಷಕ್ಕೆ 120ರಿಂದ 140 ಬೀಟ್ ಇರುವ ಹಾಡುಗಳು ಹೆಚ್ಚಿನ ವ್ಯಾಯಾಮಕ್ಕೆ ಹೊಂದುತ್ತವೆ. ಅಳೆಯೋದು ಸುಲಭ. 15 ಸೆಕೆಂಡ್ ತಾಳ ಹಾಕಿ ಎಣಿಸಿ, ನಾಲ್ಕರಿಂದ ಗುಣಿಸಿ. ಟೇಬಲ್ ಕುಟ್ಟುತ್ತಾ ಎಣಿಸಿ ಎಣಿಸಿ ಮಗಳಿಗೆ ಓದೋಕೆ ಬಿಡಲಿಲ್ಲ ಅಂತ ಬೈಸಿಕೊಂಡೆ. ನನ್ನ ಭಾವಗೀತೆಗಳಲ್ಲಿ ಜಾಸ್ತಿ ಪಾಲು ಇದರ ಹತ್ತಿರವೂ ಬರೋದಿಲ್ಲ. ಅವನ್ನು ಕೊನೆಯಲ್ಲಿ ಮೈ ಹಿಗ್ಗಿಸುವಾಗಿನ ಫೋಲ್ಡರಿಗೆ ಹಾಕಿದೆ. ಲೆಕ್ಕ ಮೀರಿ ಒಂದೆರಡನ್ನು ಸ್ಕ್ವಾಟ್ಸ್ ಫೋಲ್ಡರಿಗೂ ಸೇರಿಸಿದೆ. ಪಿ.ಬಿ.ಎಸ್. ದನಿ ಕೇಳುತ್ತಾ ಕುಳಿತೆದ್ದರೆ ಯಾರೂ ನನ್ನನ್ನು ಅಟ್ಟಿಸಿಕೊಂಡು ಬಂದಿಲ್ಲ ಅನ್ನಿಸುತ್ತದೆ, ಅಷ್ಟು ಸಾಕು.

ಸೋಮವಾರ, 25 ಆಗಸ್ಟ್

ನಮ್ಮ ಜಿಮ್ ಇರೋದು ದರ್ಶಿನಿಯ ಮೇಲೆ, ಎರಡನೇ ಮಹಡಿಯಲ್ಲಿ. ಕೆಳಗಿನಿಂದ ತುಪ್ಪದ ವಾಸನೆ ಬರುವಾಗ ಪ್ಲಾಂಕ್ ಮಾಡೋದು ಇಲ್ಲಿನ ವಿಶೇಷ. ಪ್ಲೇಯರನ್ನು ಸೊಂಟಕ್ಕೆ ಸಿಕ್ಕಿಸದೆ ಕಾಲರಿಗೇ ಸಿಕ್ಕಿಸಿದೆ. ಬೆವರು ಇಳಿದು ನಿಲ್ಲೋದು ಸೊಂಟದ ಪಟ್ಟಿಯಲ್ಲೇ, ಇದೇನು ನೀರು ತಡೆಯುವ ಪ್ಲೇಯರ್ ಅಲ್ಲ. ಇಯರ್‌ಫೋನ್ ಮಾತ್ರ ಐಪಿಎಕ್ಸ್4ರದ್ದು. ಅಂದರೆ ಯಾವ ಕಡೆಯಿಂದ ನೀರು ಚಿಮುಕಿದರೂ ತಡೆಯುತ್ತದೆ. ಬೆವರಿಗೆ ಅಷ್ಟು ಸಾಕು.

ಇಯರ್‌ಫೋನ್ ತೆಗೆದುಕೊಳ್ಳುವಾಗ ಕಿವಿಯೊಳಗೆ ಗಟ್ಟಿಯಾಗಿ ಕೂರುವ ಸಿಲಿಕೋನ್ ತುದಿಯದ್ದೇ ಆರಿಸಿದ್ದೆ. ಕಿವಿ ಮುಚ್ಚದ ಇಯರ್‌ಫೋನ್ ಆದರೆ ಟ್ರೇನರ್‌ನ ರೀಮಿಕ್ಸ್ ಮೀರಿಸೋಕೆ ಅಂತ ನಾವು ಸೌಂಡ್ ಏರಿಸುತ್ತಲೇ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ಹತ್ತು ಡೆಸಿಬಲ್‌ಗೆ ಹತ್ತರಲ್ಲಿ ಒಂದು ಪಾಲು. ದಿನಾ ಒಂದು ಗಂಟೆ ಜೋರಾಗಿ ಕೇಳುವವರ ವಾರದ ಪಾಲು ಗುರುವಾರಕ್ಕೇ ಮುಗಿದಿರುತ್ತದೆ. ಹೊರಗಿನ ಗಲಾಟೆ ತಡೆದರೆ ಅರ್ಧ ಸೌಂಡೇ ಸಾಕಾಗುತ್ತದೆ.

ರೇಡಿಯೋ ಕಿಟಕಿ ಕಡೆ ಚೆನ್ನಾಗಿ ಬಂತು. ಟ್ರೆಡ್‌ಮಿಲ್ ಹತ್ತಿರ ಹೋದರೆ ಕರಕರ, ಮೋಟರಿನ ಕಾಟ ಇರಬೇಕು. ಅಲ್ಲಿ ಎಂಪಿ3 ಹಾಕಿಕೊಂಡೆ. ಹಾಡು ಬದಲಿಸೋಕೆ ಒಂದು ಸಲವೂ ತಲೆ ಬಗ್ಗಿಸಲಿಲ್ಲ. ಟ್ರೇನರ್ ಹುಡುಗ ಬಂದು "ಆಂಟಿ, ಇದು ಪೇಜರಾ?" ಅಂದ. ಕಿವಿಯಲ್ಲಿ ಹಾಡಿತ್ತು, ಕೇಳಿಸಲಿಲ್ಲ ಅನ್ನೋ ಹಾಗೆ ಇದ್ದುಬಿಟ್ಟೆ.

ಈಗ ಉಳಿದ ತಲೆನೋವು ವೈರಿನದ್ದು. ಕಾಲರಿನಿಂದ ಕಿವಿಗೆ ಒಂದು ಗೇಣು ಸಾಕು, ಇದು ಒಂದು ಮೀಟರಿಗೂ ಜಾಸ್ತಿ ಇದೆ. ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ, ಮೇಲಿನ ಕಬ್ಬಿಣದ ಬಾರನ್ನು ಕೆಳಗೆಳೆಯುವ ಪುಲ್‌ಡೌನ್ ಮಾಡುವಾಗ ಬಿಚ್ಚಿಕೊಂಡು ಆ ಬಾರಿಗೇ ಸುತ್ತಿಕೊಂಡಿತು. ಪೂರ್ತಿ ಕತ್ತರಿಸಿ ಗಿಡ್ಡ ಮಾಡಿದರೆ ರೇಡಿಯೋ ಆಂಟೆನಾಕ್ಕೂ ಕತ್ತರಿ. ಟಿ-ಶರ್ಟಿನ ಒಳಗಿನಿಂದ ಇಳಿಸಿ, ಉಳಿದದ್ದನ್ನು ಸೊಂಟದ ಹತ್ತಿರ ಸಿಕ್ಕಿಸಿ ನೋಡಬೇಕು. ನಾಳೆ, ನಾಡಿದ್ದು ಹಬ್ಬ, ಜಿಮ್ಮೂ ಇಲ್ಲ. ಗುರುವಾರ ಕಡುಬಿನ ಲೆಕ್ಕ ಚುಕ್ತಾ ಮಾಡುವಾಗ ನೋಡೋಣ.