ಗಟ್ಟಿಮೇಳ ಮೊದಲು, ಮದುಮಗ ಆಮೇಲೆ

ತಂಗಿ ಮದುವೆಯ ವೀಡಿಯೋ ಪೆನ್‌ಡ್ರೈವ್‌ನಲ್ಲಿ ಬಂತು. ಅಮ್ಮ ಅಡುಗೆಮನೆ ಕೆಲಸ ಮುಗಿಸಿ, ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತಳು. ಸ್ಪೀಕರ್‌ನಲ್ಲಿ ಗಟ್ಟಿಮೇಳ ಜೋರಾಗಿ ಕೇಳುತ್ತಿದೆ, ಪರದೆ ಮೇಲೆ ಮದುಮಗ ಇನ್ನೂ ಕೊಡೆ ಹಿಡಿದು ಕಾಶಿಗೆ ಹೊರಟಿದ್ದಾನೆ. ಸ್ವಲ್ಪ ಉಪ್ಪು ಖಾರ ಹಚ್ಚಿದ್ದೇನೆ, ನಿಜ. ಆದರೆ ಚಿತ್ರ ಕುಂಟುತ್ತಾ ಹಿಂದೆ ಉಳಿದಿದ್ದಂತೂ ಸುಳ್ಳಲ್ಲ.

ಟಿವಿ ಹೊಸದು, 4ಕೆ. ಅದರ ಹಿಂದೆ ಕೂತಿರುವ ಕಂಪ್ಯೂಟರ್ ನಾನೇ 2013ರಲ್ಲಿ ಜೋಡಿಸಿದ್ದು. ಐ3-4130 ಪ್ರೊಸೆಸರ್, 4 ಜಿಬಿ ರ‍್ಯಾಮ್. ವೀಡಿಯೋ ಓಡಿಸುವುದು ಕೋಡಿ ಅನ್ನುವ ಸಾಫ್ಟ್‌ವೇರ್. ಅದಕ್ಕೆ ಆಗ ಎಕ್ಸ್‌ಬಿಎಂಸಿ ಅಂತ ಹೆಸರು.

ಮೊದಲು ರ‍್ಯಾಮ್ 8 ಜಿಬಿ ಮಾಡಿದೆ. ದುಡ್ಡು ಹೋಯಿತು, ಕುಂಟುವುದು ಹೋಗಲಿಲ್ಲ. ಆಮೇಲೆ ಬುದ್ಧಿ ಬಂದು ಟಾಸ್ಕ್ ಮ್ಯಾನೇಜರ್ ತೆರೆದೆ. ರ‍್ಯಾಮ್ ಅರ್ಧ ಖಾಲಿ, ಪ್ರೊಸೆಸರ್ ಮಾತ್ರ 100ಕ್ಕೆ ಅಂಟಿಕೊಂಡಿತ್ತು. ಫೈಲ್ ನೋಡಿದರೆ 3840×2160 ಪಿಕ್ಸೆಲ್, ಅಂದರೆ 4ಕೆ. ಅದನ್ನು ಕುಗ್ಗಿಸಿಟ್ಟ ವಿಧಾನ ಎಚ್‌ಇವಿಸಿ, ಬಣ್ಣ 10 ಬಿಟ್.

ಎಚ್‌ಇವಿಸಿಗೆ ಮಾನ್ಯತೆ ಸಿಕ್ಕಿದ್ದೇ 2013ರಲ್ಲಿ. ಅದೇ ವರ್ಷದ ಚಿಪ್‌ನಲ್ಲಿ ಅದನ್ನು ಬಿಡಿಸುವ ಸರ್ಕ್ಯೂಟ್ ಎಲ್ಲಿಂದ ಬರಬೇಕು? ಇಂಟೆಲ್ 10 ಬಿಟ್ ಎಚ್‌ಇವಿಸಿಯನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಡಿಸಿದ್ದು 7ನೇ ತಲೆಮಾರಿನಿಂದ. ಪಾಪ, ನನ್ನ ಎರಡು ಕೋರ್‌ಗಳು ಒಂದೊಂದು ಫ್ರೇಮಿನ 83 ಲಕ್ಷ ಪಿಕ್ಸೆಲ್‌ಗಳನ್ನು ಕೈಲೆಕ್ಕದಲ್ಲೇ ಬಿಡಿಸುತ್ತಿದ್ದವು. ಮೇಲಾಗಿ ಆ ಮದರ್‌ಬೋರ್ಡಿನ ಎಚ್‌ಡಿಎಂಐ 1.4. ಟಿವಿಗೆ ಹೋಗುವ ಆ ಪೋರ್ಟು 4ಕೆ ಆದರೆ 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಚಿತ್ರದ ಮೇಲೆ ಹೋಗುವುದಿಲ್ಲ.

ಪ್ರೊಸೆಸರ್ ಬದಲಿಸೋಣ ಅಂದರೆ ಬೋರ್ಡು, ರ‍್ಯಾಮ್ ಎಲ್ಲ ಬದಲಿಸಬೇಕು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ತಂದೆ. ಎಚ್‌ಇವಿಸಿ ಬಿಡಿಸುವ ಸರ್ಕ್ಯೂಟ್ ಅದರಲ್ಲೇ ಇದೆ. 30 ವ್ಯಾಟ್ ಸಾಕು, ಬೇರೆ ಪವರ್ ಕೇಬಲ್ ಬೇಡ. ಫ್ಯಾನ್ ಇಲ್ಲದ್ದೇ ಆರಿಸಿದೆ. ಅಪ್ಪ ಅದೇ ಹಾಲ್‌ನಲ್ಲಿ ಮಲಗುತ್ತಾರೆ. ನನ್ನದು ಸಣ್ಣ ಕೇಸ್ ಆದ್ದರಿಂದ ಕಾರ್ಡನ್ನು ಕೇಸಿಗೆ ಬಿಗಿಯಲು ಗಿಡ್ಡ ಬ್ರಾಕೆಟ್ ಬೇಕಿತ್ತು. ಡಬ್ಬದಲ್ಲಿ ಅದಿದೆಯಾ ಅಂತ ಅಂಗಡಿಯಲ್ಲೇ ಬಿಚ್ಚಿ ನೋಡಿದೆ. ನೀವೂ ನೋಡಿ.

ಕಾರ್ಡ್ ಹಾಕಿದ ಮೇಲೆ ಪ್ರೊಸೆಸರ್ ಹತ್ತಿಪ್ಪತ್ತಕ್ಕೆ ಇಳಿಯಿತು. ಆದರೂ ಟಿವಿ 30 ಹರ್ಟ್ಸ್ ಬಿಟ್ಟು ಏಳಲಿಲ್ಲ. ಎರಡು ಕೇಬಲ್ ಬದಲಿಸಿ, ಕೇಬಲ್ ಕಂಪನಿಗೆ ಬೈದು, ಕೊನೆಗೆ ನೋಡಿದರೆ ತಪ್ಪು ಟಿವಿಯದ್ದು. ಎಚ್‌ಡಿಎಂಐ ಪೋರ್ಟನ್ನು ಪೂರ್ತಿ ವೇಗಕ್ಕೆ ಬಿಡುವ ಆಯ್ಕೆ ಮೆನುವಿನಲ್ಲಿ ಆಫ್ ಆಗಿತ್ತು. ಒಂದು ಭಾನುವಾರ ಹೋಯಿತು ಅದಕ್ಕೆ!

ಇನ್ನೂ ಒಂದು ಕಿರಿಕಿರಿ ಉಳಿದಿತ್ತು. ಕ್ಯಾಮೆರಾ ನಿಧಾನಕ್ಕೆ ಮಂಟಪದ ಕಡೆ ತಿರುಗುವಾಗ ಚಿತ್ರ ತಡವರಿಸುತ್ತಿತ್ತು. ವೀಡಿಯೋದವರು ತೆಗೆದಿದ್ದು ಸೆಕೆಂಡಿಗೆ 25 ಫ್ರೇಮ್, ಟಿವಿ ಓಡುತ್ತಿದ್ದದ್ದು 60 ಹರ್ಟ್ಸ್. 25ರಿಂದ 60 ಸರಿಯಾಗಿ ಭಾಗವಾಗಲ್ಲ ಅಲ್ವಾ? ವೀಡಿಯೋಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಾಯಿಸುವ ಆಯ್ಕೆ ಕೋಡಿಯಲ್ಲಿದೆ. ಆನ್ ಮಾಡಿದೆ. ಟಿವಿ ಒಂದು ಕ್ಷಣ ಕಪ್ಪಾಗಿ 50ಕ್ಕೆ ಬಂತು. ಆಮೇಲೆ ಬೆಣ್ಣೆ.

ಎಚ್‌ಇವಿಸಿಗಿಂತ ಹೊಸದಾದ ಎವಿ1 ವೀಡಿಯೋ ಬಿಡಿಸಲು ಈ ಕಾರ್ಡಿಗೆ ಬರುವುದಿಲ್ಲ, ಅದೊಂದು ಕೊರತೆ. ಹೊಸದಾಗಿ ತಗೊಳ್ಳುವವರು ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ನೋಡುವುದು ವಾಸಿ. ಅದು ಎವಿ1 ಕೂಡ ಓಡಿಸುತ್ತದೆ.

ಅಮ್ಮ ಮತ್ತೆ ಕೂತಳು. ಸೀರೆ ಜರಿ, ಅಕ್ಷತೆ ಕಾಳು ಎಲ್ಲ ಎಣಿಸುವ ಹಾಗೆ ಕಾಣುತ್ತಿತ್ತು. ಮುಹೂರ್ತದ ಹೊತ್ತಿಗೆ "ನಿಲ್ಸೋ, ನಿಲ್ಸೋ" ಅಂದಳು. ಮೂರನೇ ಸಾಲಿನಲ್ಲಿ ದೊಡ್ಡಪ್ಪ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾರೆ. ಈಗ ದೊಡ್ಡಮ್ಮನಿಗೂ ಒಂದು ಕಾಪಿ ಕೊಡಬೇಕಂತೆ. ಅವರ ಟಿವಿ 720ಪಿ.