ಮೈಲೇಜ್ ಪಟ್ಟಿಯ ಕೊನೆಯ ಸಾಲು

ರಿಮಾರ್ಕ್ಸ್ ಕಾಲಮ್‌ನಲ್ಲಿ 'ಅನುಮಾನ' ಅಂತ ಟೈಪ್ ಮಾಡಿದವನು ನಾನೇ. ಬೇರೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟು ಕಾರುಗಳ ಪಟ್ಟಿ ಅದು, ಮೈಲೇಜ್ ಪ್ರಕಾರ ಮೇಲಿಂದ ಕೆಳಕ್ಕೆ. ಮೊದಲ ಸಾಲಿನಲ್ಲಿ ಲೀಟರಿಗೆ 17.2 ಕಿಲೋಮೀಟರ್, ಕೊನೆಯ ಸಾಲಿನಲ್ಲಿ 8.6. ಎಂಟೂ ಒಂದೇ ಮಾಡೆಲ್, ಒಟ್ಟಿಗೇ ಬಂದ ಪೆಟ್ರೋಲ್ ಗಾಡಿಗಳು. ಅಂದಮೇಲೆ ಅರ್ಧಕ್ಕರ್ಧ ವ್ಯತ್ಯಾಸ ಹೇಗೆ ಬರುತ್ತದೆ? ನನಗೆ ಹೊಳೆದ ಕಾರಣ ಒಂದೇ. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಕಾಲಮ್‌ನಲ್ಲಿ ಬರೆದೆ. ಒಂದು ಪ್ರಿಂಟ್ ಡ್ರೈವರ್‌ಗಳ ರೂಮಿನ ಬೋರ್ಡಿಗೆ, ಇನ್ನೊಂದು ಮ್ಯಾನೇಜರ್ ಟೇಬಲ್ಲಿಗೆ.

ಇಂಧನದ ಬಿಲ್ ಜಾಸ್ತಿ ಆಯಿತು, ಯಾರು ಸುಡುತ್ತಿದ್ದಾರೆ ಹೇಳಿ ಅಂತ ಮೇಲಿನವರು ಒಂದು ವಾರದಿಂದ ಕೇಳುತ್ತಿದ್ದರು. ನಮ್ಮ ಸಾಫ್ಟ್‌ವೇರಿಗೆ ಕಿಲೋಮೀಟರ್ ಗೊತ್ತು, ಲೀಟರ್ ಗೊತ್ತು. ಒಂದನ್ನು ಇನ್ನೊಂದರಿಂದ ಭಾಗಿಸುತ್ತದೆ, ಸರಾಸರಿಗಿಂತ ಕೆಳಗಿರುವ ಸಾಲನ್ನು ಕೆಂಪು ಮಾಡುತ್ತದೆ. ಗಾಡಿ ಎಲ್ಲಿ ಓಡಿತು, ಎಷ್ಟು ಹೊತ್ತು ನಿಂತಿತ್ತು ಅಂತ ಬರೆಯಲು ಅದರಲ್ಲಿ ಜಾಗವೇ ಇಲ್ಲ. ಆ ಕೆಂಪು ಬಣ್ಣವನ್ನು ನಾನು ನಂಬಿಬಿಟ್ಟೆ.

ಕೊನೆಯ ಸಾಲಿನಲ್ಲಿದ್ದವರು ನಮ್ಮಲ್ಲೇ ಹಿರಿಯರು. ನಾನು ಕೆಲಸಕ್ಕೆ ಸೇರಿದ ದಿನ ಲಾಗ್ ಶೀಟ್ ತುಂಬುವುದು ಹೇಗೆ ಅಂತ ತೋರಿಸಿಕೊಟ್ಟವರು. ಅಂದಿನಿಂದ ಅವರನ್ನು ಅಣ್ಣ ಅಂತಲೇ ಕರೆಯುತ್ತೇನೆ. ಅವರನ್ನು ಮ್ಯಾನೇಜರ್ ರೂಮಿಗೆ ಕರೆದುಕೊಂಡು ಹೋಗಿದ್ದೂ ನಾನೇ.

ಕೂತುಕೊಳ್ಳಿ ಅಂತ ಯಾರೂ ಹೇಳಲಿಲ್ಲ. ಮ್ಯಾನೇಜರ್ ಪಟ್ಟಿಯನ್ನು ಅವರ ಕಡೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಪೆನ್ನಿಟ್ಟು, "ಉಳಿದ ಪೆಟ್ರೋಲ್ ಎಲ್ಲಿಗೆ ಹೋಗ್ತಿದೆ?" ಅಂದರು. ಅಣ್ಣ ಹಾಳೆ ನೋಡಿದರು. ರಿಮಾರ್ಕ್ಸ್ ಕಾಲಮ್ ತನಕ ಬೆರಳಾಡಿಸಿ ಅಲ್ಲೇ ನಿಲ್ಲಿಸಿದರು. ಆಮೇಲೆ ನನ್ನ ಮುಖ ನೋಡಿದರು. ಆಗಲಾದರೂ ನಾನು ಬಾಯಿ ತೆರೆಯಬೇಕಿತ್ತು. 'ಇನ್ನೂ ವಿಚಾರಿಸಿಲ್ಲ ಸಾರ್' ಅನ್ನುವ ಒಂದು ಮಾತು ಸಾಕಿತ್ತು. ನಾನು ಗೋಡೆ ನೋಡುತ್ತಾ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಎರಡು ನಿಮಿಷ ಇರಬಹುದು. ಇವತ್ತಿಗೂ ಆ ಎರಡು ನಿಮಿಷ ನೆನಪಾದರೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಅಣ್ಣ ಶರ್ಟಿನ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಟೇಬಲ್ ಮೇಲಿಟ್ಟರು. "ಎಲ್ಲಾ ಇದರಲ್ಲಿದೆ ಸಾರ್." ಮ್ಯಾನೇಜರ್ ಅದನ್ನು ಮುಟ್ಟಲಿಲ್ಲ. ವಿಚಾರಿಸಿ ವರದಿ ಕೊಡಿ ಅಂತ ನನಗೆ ಹೇಳಿ ಫೋನ್ ಎತ್ತಿಕೊಂಡರು.

ನೋಟ್‌ಬುಕ್ಕನ್ನು ನಾನು ತೆಗೆದುಕೊಂಡೆ. ನಾಲ್ಕು ತಿಂಗಳ ಲೆಕ್ಕ, ನೀಲಿ ಪೆನ್ನಿನಲ್ಲಿ, ಒಂದು ದಿನವೂ ಬಿಟ್ಟಿಲ್ಲ. '9.40 ರಿಂದ 10.55 ನಿಂತೆ. ಏಸಿ ಆನ್.' '3.10 ರಿಂದ 4.30 ನಿಂತೆ. ಏಸಿ ಆನ್.' ಪುಟಪುಟಕ್ಕೂ ಇದೇ.

ಮಾರನೇ ದಿನದಿಂದ ಆರು ದಿನ ಅವರ ಪಕ್ಕದ ಸೀಟಿನಲ್ಲಿ ಕೂತೆ. ಶುರುವಿನಲ್ಲಿ ಫುಲ್ ಟ್ಯಾಂಕ್, ಬಂಕಿನ ಪೈಪ್ ತಾನಾಗಿ ನಿಲ್ಲುವ ಆಟೋ ಕಟ್ ಆದ ಕೂಡಲೇ ನಿಲ್ಲಿಸಿ ಓಡೋ, ಅಂದರೆ ಗಾಡಿ ಓಡಿದ ಕಿಲೋಮೀಟರ್ ತೋರಿಸುವ ಮೀಟರ್, ಬರೆದುಕೊಂಡೆ. ಒಂದೇ ದಿನದ ಲೆಕ್ಕ ಸಾಕಲ್ವಾ ಅಂತ ಮೇಲಿನಿಂದ ಕೇಳಿದರು. ಸಾಲದು. ಆಟೋ ಕಟ್ ಒಮ್ಮೆ ಬೇಗ ಆಗುತ್ತದೆ, ಒಮ್ಮೆ ತಡ. ಏಳು ಲೀಟರ್ ಹಾಕಿಸುವಾಗ ಅರ್ಧ ಲೀಟರ್ ಹೆಚ್ಚುಕಮ್ಮಿ ಆದರೆ ಲೆಕ್ಕವೇ ಕೆಡುತ್ತದೆ. ನಲವತ್ತು ಲೀಟರಿಗೆ ಅದೇ ಅರ್ಧ ಲೀಟರ್ ದೊಡ್ಡದಲ್ಲ. ಟೈರಿನ ಗಾಳಿಯನ್ನೂ ನೋಡಿದೆ. ಸರಿಯಾಗಿತ್ತು. ಗಾಳಿ ಕಮ್ಮಿ ಇದ್ದರೂ ಮೈಲೇಜ್ ನೂರಕ್ಕೆ ಎರಡೋ ಮೂರೋ ಇಳಿದೀತು, ಅರ್ಧ ಆಗುವುದಿಲ್ಲ.

ಅವರು ಗಾಡಿ ಓಡಿಸುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಸಿಗ್ನಲ್ ಕೆಂಪಾಗಿದ್ದು ದೂರದಿಂದ ಕಂಡರೆ ಸಾಕು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾರೆ. ಗಾಡಿ ಗೇರಿನಲ್ಲೇ ತಾನಾಗಿ ನಿಧಾನವಾಗುತ್ತದೆ, ಬ್ರೇಕಿಗೆ ಹೆಚ್ಚು ಕೆಲಸವೇ ಇಲ್ಲ. ಸಿಗ್ನಲ್ ಬಿಟ್ಟ ಮೇಲೂ ಎಂಜಿನ್ ಕಿರುಚುವುದಿಲ್ಲ. ಸೀಟಿನ ಮೇಲಿಟ್ಟಿದ್ದ ನನ್ನ ಪೆನ್ನು ಆರು ದಿನದಲ್ಲಿ ಒಮ್ಮೆಯೂ ಕೆಳಗೆ ಉರುಳಲಿಲ್ಲ.

ಕಷ್ಟ ಇದ್ದದ್ದು ನಿಂತಲ್ಲಿ. ಸಾಹೇಬರು ಇಳಿಯುವಾಗ, "ಎರಡೇ ನಿಮಿಷ, ಏಸಿ ಆಫ್ ಮಾಡಬೇಡಿ" ಅನ್ನುತ್ತಾರೆ. ಎರಡು ನಿಮಿಷ ಮುಕ್ಕಾಲು ಗಂಟೆ ಆಗುತ್ತದೆ. ಏಸಿಯ ಕಂಪ್ರೆಸರ್ ಆನ್ ಆದಾಗಲೆಲ್ಲ ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಿ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಮತ್ತೆ ಹಾರುತ್ತದೆ. ಓಡೋ ಮಾತ್ರ ಅಲ್ಲೇ ಇರುತ್ತದೆ. ಎಂಜಿನ್ ಆಫ್ ಮಾಡೋಣ ಅಂತ ಎರಡನೇ ದಿನ ನಾನೇ ಅಂದೆ. "ಬೇಡಪ್ಪಾ, ಬಂದಾಗ ಗಾಡಿ ತಣ್ಣಗಿಲ್ಲ ಅಂದ್ರೆ ಬೈಸ್ಕೊಳ್ಳೋನು ನಾನು" ಅಂದರು.

ಆರು ದಿನಕ್ಕೆ 342 ಕಿಲೋಮೀಟರ್, ಟ್ಯಾಂಕ್ ಮತ್ತೆ ಫುಲ್ ಆಗಲು ತುಂಬಿಸಿದ್ದು 40 ಲೀಟರ್. ಭಾಗಿಸಿದರೆ ಅದೇ 8.6. ಆದರೆ ಆ ಆರು ದಿನದಲ್ಲಿ ಗಾಡಿ ಎಂಜಿನ್ ಆನ್ ಇಟ್ಟುಕೊಂಡು ಕಾದದ್ದು ಹದಿನಾರೂವರೆ ಗಂಟೆ. ಏಸಿ ಹಾಕಿ ನಿಲ್ಲಿಸಿದರೆ ನಮ್ಮ ಗಾಡಿಗಳು ಗಂಟೆಗೆ ಹತ್ತಿರ ಹತ್ತಿರ 1 ಲೀಟರ್ ಕುಡಿಯುತ್ತವೆ. ಅಂದರೆ ಹದಿನಾರೂವರೆ ಲೀಟರ್ ಸುಮ್ನೆ ನಿಂತಲ್ಲೇ ಹೋಯಿತು. ಓಡಿದ್ದಕ್ಕೆ ಖರ್ಚಾದದ್ದು ಇಪ್ಪತ್ತಮೂರೂವರೆ ಲೀಟರ್. ಆ ಲೆಕ್ಕಕ್ಕೆ ಮೈಲೇಜ್ 14.6. ಅದೂ ಊರೊಳಗಿನ ಟ್ರಾಫಿಕ್ಕಿನಲ್ಲಿ.

ಮೊದಲ ಸಾಲಿನ 17.2 ಹೈವೇ ಡ್ಯೂಟಿಯದ್ದು. ಬೆಳಿಗ್ಗೆ ಬಿಟ್ಟರೆ ಒಂದೇ ಸ್ಪೀಡಿನಲ್ಲಿ ಓಟ, ಇಳಿಸಿದ ಮೇಲೆ ಎಂಜಿನ್ ಆಫ್. ಇಬ್ಬರ ಡ್ಯೂಟಿಯನ್ನೂ ಎರಡು ವಾರ ಅದಲು ಬದಲು ಮಾಡಿದೆ. ಹೈವೇಯವರಿಗೆ ಊರಿನ ಡ್ಯೂಟಿಯಲ್ಲಿ 8.1 ಬಂತು. ಅಣ್ಣನಿಗೆ ಹೈವೇಯಲ್ಲಿ 17.9. ಹೈವೇಯವರು ಒಳ್ಳೆಯ ಡ್ರೈವರ್, ಅವರದೂ ತಪ್ಪಿಲ್ಲ. ಅದಲು ಬದಲಾದ ಮೂರನೇ ದಿನ ಅವರೇ ಬಂದು, "ಇಲ್ಲಿ ಇಷ್ಟು ಬಂದ್ರೆ ದೊಡ್ಡದು ಸಾರ್" ಅಂದರು.

ನನ್ನ ಪಟ್ಟಿಯಲ್ಲಿ ಇನ್ನೊಂದು ತಪ್ಪೂ ಇತ್ತು. ಪ್ರತಿ ಸಲ ತುಂಬಿಸಿದಾಗಿನ ಮೈಲೇಜ್ ಬರೆದು, ಅವುಗಳ ಸರಾಸರಿ ತೆಗೆದಿದ್ದೆ. 300 ಕಿಲೋಮೀಟರ್ 10ರ ಹಾಗೆ, ಇನ್ನು 300 ಕಿಲೋಮೀಟರ್ 20ರ ಹಾಗೆ ಓಡಿದರೆ ಸರಾಸರಿ 15 ಅನ್ನಿಸುತ್ತದೆ. ಆದರೆ ಲೀಟರ್ ಕೂಡಿಸಿ ನೋಡಿ. 30 ಮತ್ತು 15, ಒಟ್ಟು 45. 600ನ್ನು 45ರಿಂದ ಭಾಗಿಸಿದರೆ 13.3. ಒಟ್ಟು ಕಿಲೋಮೀಟರ್, ಒಟ್ಟು ಲೀಟರ್, ಇವೆರಡೇ ಬೇಕಾದದ್ದು. ಹೀಗೆ ಮತ್ತೆ ಲೆಕ್ಕ ಹಾಕಿದಾಗ ಪಟ್ಟಿಯ ನಡುವಿನ ಮೂರು ಹೆಸರುಗಳ ಜಾಗವೇ ಬದಲಾಯಿತು. ಆ ಮೂವರಲ್ಲಿ ಒಬ್ಬರು ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅಂಕಿಯನ್ನೇ ಲಾಗ್ ಶೀಟಿನಲ್ಲಿ ಬರೆಯುತ್ತಿದ್ದರು, ಅದು ಫುಲ್ ಟ್ಯಾಂಕ್ ಲೆಕ್ಕಕ್ಕಿಂತ ಯಾವಾಗಲೂ ಒಂದು ಕೈ ಮೇಲೆ.

ವರದಿ ಕೊಟ್ಟೆ. ಮ್ಯಾನೇಜರ್ ಓದಿದರು, ಅಣ್ಣನ ವಿಷಯ ಅಲ್ಲಿಗೆ ಮುಗಿಯಿತು. ಕರೆಸಿ ಒಂದು ಮಾತು ಹೇಳಿ ಸಾರ್ ಅಂದೆ, ಆಗಲಿಲ್ಲ. ಅದರ ಬದಲು ಮೈಲೇಜಿನಲ್ಲಿ ಮೊದಲು ಬಂದವರಿಗೆ ಬಹುಮಾನ ಇಡೋಣ ಅಂದರು. ನಾನು ಬೇಡ ಅಂದೆ, ಯಾಕೆ ಅಂತ ಕಾಗದದ ಮೇಲೆ ತೋರಿಸಿದೆ. 17 ಕೊಡುವ ಗಾಡಿ 19 ಕೊಟ್ಟರೆ 100 ಕಿಲೋಮೀಟರಿಗೆ ಉಳಿಯುವುದು 0.6 ಲೀಟರ್. 9 ಕೊಡುವ ಗಾಡಿ 10 ಕೊಟ್ಟರೆ ಉಳಿಯುವುದು 1.1 ಲೀಟರ್. ನಿಜವಾದ ಉಳಿತಾಯ ಪಟ್ಟಿಯ ಕೆಳಗಡೆ ಇದೆ, ಕಾಯುವ ಗಾಡಿಗಳಲ್ಲಿ ಇದೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಕಾಯುವುದಾದರೆ ಎಂಜಿನ್ ಆಫ್ ಅಂತ ಸಾಹೇಬರುಗಳಿಗೆ ಒಂದು ಸುತ್ತೋಲೆ ಕಳಿಸಿ ಅಂದೆ. ಡ್ರೈವರ್‌ಗಳಿಗೆ ಪತ್ರ ಬೇಕಾದರೆ ಇವತ್ತೇ ಹೋಗುತ್ತದೆ, ಸಾಹೇಬರುಗಳಿಗೆ ಕಳಿಸಲು ಕಷ್ಟ. ಅದು ಇನ್ನೂ ಹೋಗಿಲ್ಲ. ತಿಂಗಳಿಗೊಮ್ಮೆ ನಾನು ಕೇಳುತ್ತಲೇ ಇದ್ದೇನೆ. ಲಾಗ್ ಶೀಟಿನಲ್ಲಿ 'ನಿಂತ ಹೊತ್ತು' ಅನ್ನುವ ಕಾಲಮ್ ಮಾತ್ರ ನನ್ನ ಕೈಯಲ್ಲಿತ್ತು, ಸೇರಿಸಿದೆ.

ಅಣ್ಣನ ಹತ್ತಿರ ಹೋಗಿ ನೋಟ್‌ಬುಕ್ ವಾಪಸ್ ಕೊಟ್ಟು, ತಪ್ಪಾಯ್ತು ಅಂದೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು, "ಆ ಪಟ್ಟಿ ಬೋರ್ಡ್ ಮೇಲೆ ಎಷ್ಟು ದಿನ ಇತ್ತು ಗೊತ್ತಾ?" ಅಂತ ಕೇಳಿದರು.

"ಒಂದು ವಾರ ಇರಬಹುದು ಅಣ್ಣ."

"ಹನ್ನೊಂದು ದಿನ."

ಸರಿ ಮಾಡಿದ ಪಟ್ಟಿಯನ್ನು ಅವತ್ತು ಸಂಜೆಯೇ ಅದೇ ಜಾಗದಲ್ಲಿ ಅಂಟಿಸಿದೆ. ಹಳೆಯ ಪಟ್ಟಿಯಲ್ಲಿ ಯಾವ ಸಾಲು ತಪ್ಪು, ಯಾರು ಬರೆದದ್ದು ಅಂತ ಕೆಳಗೆ ಬರೆದು ಸಹಿ ಹಾಕಿದೆ. ಆ ತಿಂಗಳು ಪೂರ್ತಿ ಅದನ್ನು ತೆಗೆಯಲಿಲ್ಲ.