ಬೂಷ್ಟು ಹತ್ತದ ಶೇಂಗಾ: ನಮ್ಮ ಎರಡು ಎಕರೆಯ ಲೆಕ್ಕ

ಜುಲೈ 9

ಪುನರ್ವಸು ಮಳೆ ಬಿದ್ದ ಮೂರನೇ ದಿನಕ್ಕೆ ಹೊಲ ಹದಕ್ಕೆ ಬಂತು. ಅಪ್ಪ ಇವತ್ತು ಬಿತ್ತನೆ ಮುಗಿಸಿದ. ಎರಡು ಎಕರೆ, ಅದೇ ಹಳೇ ಟಿಎಂವಿ-2 ತಳಿಯ ಶೇಂಗಾ. ನಾನು ಚಳ್ಳಕೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಭಾನುವಾರ ಮಾತ್ರ ಊರಿಗೆ ಹೋಗುತ್ತೇನೆ. ಈ ಸಲ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಹೊಲದಿಂದ ಹಿಡಿದು ಚಟ್ನಿಪುಡಿ ಡಬ್ಬದವರೆಗೆ ನಮ್ಮ ಶೇಂಗಾಕ್ಕೆ ಬೂಷ್ಟು ಹತ್ತಬಾರದು. ಏನೇನು ಮಾಡಿದೆ, ಏನಾಯಿತು, ಎಲ್ಲ ಇಲ್ಲಿ ಬರೆದಿಡುತ್ತೇನೆ.

ಇದು ಶುರುವಾದದ್ದು ದೊಡ್ಡಪ್ಪನಿಂದ. ಮೂರು ವರ್ಷದ ಹಿಂದೆ ಲಿವರ್ ಕ್ಯಾನ್ಸರ್‌ನಲ್ಲಿ ತೀರಿಕೊಂಡರು. ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಆದರೂ ಊರಲ್ಲಿ "ಕದ್ದು ಕುಡೀತಿದ್ದ ಅನ್ಸುತ್ತೆ" ಅಂದರು. ದೊಡ್ಡಮ್ಮ ಆ ಮಾತನ್ನೂ ಕೇಳಿಸಿಕೊಳ್ಳಬೇಕಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಅವರಿಗೆ ಹೆಪಟೈಟಿಸ್ ಬಿ, ಅಂದರೆ ಲಿವರಿಗೆ ಹತ್ತುವ ವೈರಸ್ ಸೋಂಕು, ಇದ್ದದ್ದು ಗೊತ್ತಾಗಿತ್ತು. ಅವತ್ತು ಡಾಕ್ಟರ್ ಇನ್ನೊಂದು ಮಾತು ಕೇಳಿದ್ದರು: "ಮನೇಲಿ ಶೇಂಗಾ, ಮೆಕ್ಕೆಜೋಳ ಹೇಗೆ ಇಡ್ತೀರಿ?" ಯಾಕೆ ಕೇಳಿದರು ಅಂತ ನನಗೆ ತಿಳಿಯಲಿಲ್ಲ. ಆಮೇಲೆ ಓದುತ್ತಾ ಹೋದೆ. ಶೇಂಗಾ, ಮೆಕ್ಕೆಜೋಳಕ್ಕೆ ಹತ್ತುವ ಬೂಷ್ಟಿನ ವಿಷದಿಂದ ಲಿವರ್ ಕ್ಯಾನ್ಸರ್ ಬರಬಹುದು ಅಂತ ಗೊತ್ತಾಯಿತು. ದೊಡ್ಡಪ್ಪನ ಕಾಯಿಲೆ ಶೇಂಗಾದಿಂದಲೇ ಬಂತು ಅಂತ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆಗಸ್ಟ್ 24

ಹೂವು ಬಿಟ್ಟು ಊಡು (ಮಣ್ಣಿಗಿಳಿದು ಕಾಯಾಗುವ ಎಳೆ) ಇಳಿಯುತ್ತಿದೆ. ಎಕರೆಗೆ 200 ಕೆ.ಜಿ. ಜಿಪ್ಸಂ ಹಾಕಿಸಿದೆವು. ಅಪ್ಪ ಕಾಯಿ ತುಂಬಲಿ ಅಂತ ಹಾಕಿದ. ನನಗೆ ಬೇಕಾದದ್ದು ಸಿಪ್ಪೆ. ಜಿಪ್ಸಂನಲ್ಲಿರುವ ಸುಣ್ಣದ ಅಂಶ ಸಿಕ್ಕರೆ ಸಿಪ್ಪೆ ಗಟ್ಟಿಯಾಗುತ್ತದೆ. ಸಿಪ್ಪೆ ಗಟ್ಟಿಯಿದ್ದರೆ ಬೂಷ್ಟಿಗೆ ಒಳಗೆ ದಾರಿ ಸಿಗುವುದು ಕಷ್ಟ.

ಇಲ್ಲಿ ಬೂಷ್ಟು ಅಂದರೆ ಮುಖ್ಯವಾಗಿ ಆಸ್ಪರ್ಜಿಲ್ಲಸ್ ಫ್ಲೇವಸ್. ಹಳದಿ-ಹಸಿರು ಬಣ್ಣ. ಅದು ಬಿಡುವ ವಿಷದ ಹೆಸರು ಅಫ್ಲಾಟಾಕ್ಸಿನ್. ಹೆಸರೇ ಆ ಬೂಷ್ಟಿನ ಹೆಸರಿನಿಂದ ಬಂದದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿ ಸತ್ತವು. ಏನು ಕಾಯಿಲೆ ಅಂತ ತಿಳಿಯದೆ ತಡಕಾಡಿದರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ನಾವು ದಿನಾ ಎಮ್ಮೆಗೆ ನೆನೆಹಾಕುವ ವಸ್ತು, ಅಲ್ವಾ!

ಸೆಪ್ಟೆಂಬರ್ 28

ಉತ್ತರೆ ಮಳೆ ಕೈಕೊಟ್ಟಿತು. ಮಧ್ಯಾಹ್ನದ ಹೊತ್ತಿಗೆ ಎಲೆ ಮುದುಡುತ್ತಿವೆ. ಮಣ್ಣು ಮುಟ್ಟಿದರೆ ಬಿಸಿ.

ಬೂಷ್ಟು ಅಂದರೆ ಮಳೆಯ ತೊಂದರೆ ಅಂತಲೇ ನಾನು ಅಂದುಕೊಂಡಿದ್ದೆ. ಆದರೆ ಹೊಲದಲ್ಲಿ ಕೊಯ್ಲಿಗೆ ಮುಂಚಿನ ಮೂರ್ನಾಲ್ಕು ವಾರದ ಬರವೇ ಜಾಸ್ತಿ ಅಪಾಯ. ನೀರಿಲ್ಲದೆ ಗಿಡ ಸೊರಗಿದಾಗ ಕಾಯಿಗೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಬೂಷ್ಟಿಗೆ ಬಿಸಿ ಮಣ್ಣೇ ಇಷ್ಟ. ಅದರ ಮೇಲೆ ಗೆದ್ದಲು, ಗೊಣ್ಣೆ ಹುಳು ಸಿಪ್ಪೆ ಕೊರೆದರೆ ಬಾಗಿಲು ತೆರೆದ ಹಾಗೆ. ಚಳ್ಳಕೆರೆ ಸೀಮೆಗೆ ಈ ಸಂಕಟ ಹೊಸದಲ್ಲ. ಮಳೆಯಾಶ್ರಿತ ಹೊಲಕ್ಕೆ ನಾನು ಏನೂ ಮಾಡಲಾರೆ. ಬದುವಿನ ಮೇಲೆ ಕೂತು ನೋಡಿ ಬಂದೆ. ತುಂಬಾ ಬೇಜಾರಾಯಿತು.

ಅಂಗಡಿಗೆ ಬಂದು ಹಸಿರು ನೆರಳುಬಲೆಯ ಬಟ್ಟೆ ತಂದು ಚೀಲ ಹೊಲಿಯಲು ಶುರುಮಾಡಿದೆ. ಹತ್ತು ಕೆ.ಜಿ. ಹಿಡಿಯುವಂಥವು, 40 ಚೀಲ.

ಅಕ್ಟೋಬರ್ 19

ಹಸ್ತಾ ಮಳೆ ಒಂದು ಹದ ಬಂದದ್ದಕ್ಕೆ ನೆಲ ಸಡಿಲಾಗಿ ಗಿಡ ಸಲೀಸಾಗಿ ಕಿತ್ತುಬಂತು. ಒಣಗಿ ಸತ್ತ ಗಿಡಗಳನ್ನು ಮೊದಲೇ ಬೇರೆ ಕಿತ್ತು ಹಾಕಿಸಿದೆ. ಅದರ ಕಾಯಿ ಒಳ್ಳೆಯದಕ್ಕೆ ಸೇರಬಾರದು.

ಪ್ರತಿ ವರ್ಷ ಕಿತ್ತ ಬಳ್ಳಿಯನ್ನು ಗುಡ್ಡೆ ಹಾಕುತ್ತಿದ್ದೆವು. ಈ ಸಲ ಸಾಲಾಗಿ ಮಗುಚಿ ಹಾಕಿದೆವು. ಕಾಯಿ ಮೇಲೆ, ಸೊಪ್ಪು ಕೆಳಗೆ. ಕಾಯಿಗೆ ಗಾಳಿ, ಬಿಸಿಲು ಸಿಗುತ್ತದೆ. ನೆಲದ ತೇವ ತಾಗುವುದಿಲ್ಲ. ಕೀಳಲು ಬಂದ ಹೆಂಗಸರು ಮೊದಲು ನಕ್ಕರು. ಆಮೇಲೆ ಒಬ್ಬಾಕೆ, "ನಮ್ಮತ್ತೆನೂ ಹಿಂಗೇ ಹಾಕಿಸ್ತಿದ್ಲು ಕಣವ್ವ" ಅಂದಳು. ಕೇಳಿ ಖುಷಿಯಾಯಿತು.

ಅಕ್ಟೋಬರ್ 22

ಮೋಡ ಕವಿಯಿತು. ಅವಸರದಲ್ಲಿ ಕಾಯಿ ಬಿಡಿಸಿದೆವು. 40 ಬಲೆ ಚೀಲ ತುಂಬಿಸಿ ಕೊಟ್ಟಿಗೆಯ ಮಾಡಿನ ಕೆಳಗೆ ಬಿದಿರಿನ ಗಳಕ್ಕೆ ನೇತುಹಾಕಿದೆ. ಉಳಿದದ್ದು ಯಾವಾಗಿನ ಹಾಗೆ ಕಣದಲ್ಲಿ ಟಾರ್ಪಾಲಿನ ಮೇಲೆ.

ಎಷ್ಟು ಒಣಗಬೇಕು ಅನ್ನುವುದಕ್ಕೆ ಒಂದು ಲೆಕ್ಕ ಮಾಡಿಕೊಂಡೆ. ಮೀಟರ್ ಇಲ್ಲದವರಿಗೆ ಉಪಯೋಗಕ್ಕೆ ಬರುತ್ತದೆ ಅಂತ ಪೂರ್ತಿ ಬರೆಯುತ್ತೇನೆ. ಚೀಲ ತುಂಬಿದ ದಿನವೇ ಅದರಿಂದ 200 ಗ್ರಾಂ ಕಾಯಿ ತೆಗೆದು, ಜಜ್ಜಿ, ಬಿಸಿ ಬೂದಿಯ ಮೇಲೆ ತಟ್ಟೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದೆ. 142 ಗ್ರಾಂ ಉಳಿಯಿತು. ಅಂದರೆ ನೂರಕ್ಕೆ 71 ಭಾಗ ಗಟ್ಟಿ, ಉಳಿದದ್ದು ನೀರು. ಹತ್ತು ಕೆ.ಜಿ. ಚೀಲದಲ್ಲಿ ಗಟ್ಟಿ 7.1 ಕೆ.ಜಿ. ಕಾಯಿಯ ತೇವ ನೂರಕ್ಕೆ 8ಕ್ಕೆ ಇಳಿಯಬೇಕು. 7.1ನ್ನು 0.92ರಿಂದ ಭಾಗಿಸಿದರೆ 7.7 ಕೆ.ಜಿ. ಬರುತ್ತದೆ. ಚೀಲ 10 ಕೆ.ಜಿ.ಯಿಂದ 7.7ಕ್ಕೆ ಇಳಿದ ದಿನ ಶೇಂಗಾ ಒಣಗಿತು ಅಂತ ಅರ್ಥ. ಒಂದು ಚೀಲಕ್ಕೆ ಕೆಂಪು ದಾರ ಕಟ್ಟಿ ಗುರುತು ಮಾಡಿದ್ದೇನೆ. ಅದನ್ನು ದಿನಾ ಸಂಜೆ ತೂಗುವ ಕೆಲಸ ಅವ್ವನದು.

ಅಕ್ಟೋಬರ್ 24

ರಾತ್ರಿ ಚಿತ್ತಾ ಮಳೆ ಕೊನೆಯ ಪಾದದಲ್ಲಿ ಸುರಿಯಿತು. ಬಲೆ ಚೀಲಗಳಿಗೆ ಎರಚಲು ಕೂಡ ತಾಗಿಲ್ಲ. ಟಾರ್ಪಾಲಿನದನ್ನು ಅಪ್ಪ ಗುಡ್ಡೆ ಮಾಡಿ ಮುಚ್ಚಿದ್ದ. ಮಾರನೇ ದಿನವೂ ಬಿಸಿಲು ಬರಲಿಲ್ಲ, ಬಿಚ್ಚಲೂ ಆಗಲಿಲ್ಲ. ಸಂಜೆ ಗುಡ್ಡೆಯೊಳಗೆ ಕೈ ಹಾಕಿದೆ. ಬೆಚ್ಚಗಿತ್ತು. ಹಸುವಿನ ಹೊಟ್ಟೆ ಮುಟ್ಟಿದ ಹಾಗೆ. ಆ ಬಿಸಿ ಹೇಳುವುದು ಒಂದೇ: ಒಳಗೆ ಏನೋ ಜೀವಂತವಾಗಿ ಉಸಿರಾಡುತ್ತಿದೆ.

ಅವ್ವನ ತೂಕ: 10, 9.4, 9.3.

ನವೆಂಬರ್ 1

9.0, 8.6, 8.3, 8.1, 7.9, 7.8, 7.7. ನಿನ್ನೆ ಸಂಜೆ ಮುಟ್ಟಿತು! ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಅಪ್ಪ ನಾಲ್ಕು ದಿನ ಮುಂಚೆಯೇ "ಗಲಗಲ ಅಂತೈತೆ, ಚೀಲಕ್ಕೆ ತುಂಬು" ಅಂದಿದ್ದ. ಆಗ ತೂಕ 8.3 ಇತ್ತು, ಲೆಕ್ಕ ಹಾಕಿದರೆ ತೇವ ನೂರಕ್ಕೆ 14ರ ಮೇಲೆ. ಸದ್ದು ನಂಬಿದ್ದರೆ ಕೆಟ್ಟಿರುತ್ತಿತ್ತು.

ನವೆಂಬರ್ 9

ಇವತ್ತು ಆರಿಸುವ ಕೆಲಸ. ಕಾಯಿ ಒಡೆಯುವಾಗ ಒಂದು ಜಗಳವಾಯಿತು. ಸಿಪ್ಪೆ ಮೆತ್ತಗಾಗಲಿ, ಕೈ ನೋಯದಿರಲಿ ಅಂತ ನಮ್ಮಲ್ಲಿ ಕಾಯಿಗೆ ನೀರು ಚಿಮುಕಿಸುತ್ತಾರೆ. ಹತ್ತು ದಿನ ಕಾದು ಇಳಿಸಿದ ತೇವವನ್ನು ಒಂದು ಚೊಂಬು ನೀರಿನಲ್ಲಿ ವಾಪಸ್ಸು ಕೊಟ್ಟ ಹಾಗೆ! ಈ ಸಲ ಒಂದು ಹನಿಯೂ ಬೇಡ ಅಂತ ಹಟ ಹಿಡಿದೆ. ಬೇಳೆ ಸ್ವಲ್ಪ ಜಾಸ್ತಿ ಒಡೆಯಿತು. ಒಡೆಯಲಿ.

ಎರಡೂ ಕಡೆಯಿಂದ ಎರಡೆರಡು ಕೆ.ಜಿ. ಬೀಜ ತೆಗೆದು ಮೊರದಲ್ಲಿ ಹರಡಿ ಆರಿಸಿದೆವು. ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟದ್ದು, ಹುಳು ತಿಂದದ್ದು, ಬೂಷ್ಟು ಕಂಡದ್ದು ಎಲ್ಲ ಪಕ್ಕಕ್ಕೆ. ಬಲೆ ಚೀಲದ್ದರಲ್ಲಿ ಸಿಕ್ಕ ಕೆಟ್ಟ ಬೀಜ 45 ಗ್ರಾಂ. ಟಾರ್ಪಾಲಿನದರಲ್ಲಿ 210 ಗ್ರಾಂ. ಬಲೆಯದರಲ್ಲಿ ಇದ್ದದ್ದು ಹೆಚ್ಚಾಗಿ ಸುಕ್ಕು ಬೀಜ, ಸೆಪ್ಟೆಂಬರಿನ ಬರದ ಗುರುತು.

ಈ ಆರಿಸುವ ಕೆಲಸಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಯಾಕೆಂದರೆ ವಿಷ ಎಲ್ಲ ಬೀಜದಲ್ಲೂ ಸಮವಾಗಿ ಇರುವುದಿಲ್ಲ. ಸಾವಿರ ಬೀಜ ಚೆನ್ನಾಗಿದ್ದು ಒಂದರಲ್ಲೇ ಗುಡ್ಡೆ ಬಿದ್ದಿರಬಹುದು. ನಮ್ಮ ದೇಶದಲ್ಲಿ ಶೇಂಗಾ ಬೀಜಕ್ಕೆ ಇಟ್ಟಿರುವ ಮಿತಿ ಕೆ.ಜಿ.ಗೆ 15 ಮೈಕ್ರೋಗ್ರಾಂ. ಹತ್ತು ಟನ್ನಿನ ಒಂದು ಲಾರಿಗೆ ಲೆಕ್ಕ ಹಾಕಿದರೆ 0.15 ಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಹಾಗಾಗಿ ಒಂದು ಕೆಟ್ಟ ಬೀಜ ತೆಗೆದರೂ ಅದು ಸಣ್ಣ ಕೆಲಸವಲ್ಲ.

ಅವ್ವ ಕೇಳಿದಳು, "ಚೆನ್ನಾಗಿ ಹುರಿದ್ರೆ ಹೋಗಲ್ವೇನೇ?" ಹೋಗುವುದಿಲ್ಲ. ಹುರಿದರೆ ಸ್ವಲ್ಪ ತಗ್ಗುತ್ತದೆ, ಅಷ್ಟೇ. ಬೂಷ್ಟು ಸಾಯುತ್ತದೆ, ಅದು ಬಿಟ್ಟುಹೋದ ವಿಷ ಉಳಿಯುತ್ತದೆ. ತೊಳೆದರೂ ಬೇಯಿಸಿದರೂ ಅದೇ ಕಥೆ.

ಹೊಟ್ಟೆಗೆ ಹೋದಮೇಲೆ ಏನಾಗುತ್ತದೆ ಅನ್ನುವುದನ್ನು ಅವ್ವನಿಗೆ ಹೀಗೆ ಹೇಳಿದೆ. ವಿಷವನ್ನು ಹೊರಹಾಕುವುದು ಲಿವರ್ ಕೆಲಸ. ಈ ವಿಷದ ಮುಖ್ಯ ರೂಪವಾದ ಅಫ್ಲಾಟಾಕ್ಸಿನ್ ಬಿ1 ಬಂದಾಗಲೂ ಲಿವರ್ ಅದೇ ಕೆಲಸಕ್ಕೆ ಹೊರಡುತ್ತದೆ. ಆದರೆ ಕರಗಿಸಲು ಹೋಗಿ ಅದನ್ನು ಇನ್ನೂ ಚೂಪು ಮಾಡಿಬಿಡುತ್ತದೆ. ಆ ಚೂಪಾದ ವಸ್ತು ಜೀವಕೋಶದೊಳಗಿನ ಡಿಎನ್‌ಎಗೆ ಹೋಗಿ ಅಂಟಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಪಿ53 ಅಂತ ಒಂದು ಜೀನ್ ಇದೆ. ಕೋಶ ಅಂಕೆ ಮೀರಿ ಬೆಳೆಯದಂತೆ ಕಾಯುವುದು ಅದರ ಕೆಲಸ. ಈ ವಿಷ ಜಾಸ್ತಿ ಇರುವ ಊರುಗಳ ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ ಆ ಜೀನ್‌ನ ಒಂದೇ ಜಾಗ, 249ನೇ ಸ್ಥಾನ, ಕೆಟ್ಟಿರುವುದು ಮತ್ತೆ ಮತ್ತೆ ಕಂಡಿದೆ. ಕಳ್ಳ ಬಿಟ್ಟುಹೋದ ಹೆಜ್ಜೆ ಗುರುತಿನ ಹಾಗೆ.

ಒಂದೇ ಸಲ ತುಂಬಾ ತಿಂದರೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಕಡೆಯ ಹಳ್ಳಿಗಳಲ್ಲಿ ಮಳೆಗೆ ನೆಂದ ಮೆಕ್ಕೆಜೋಳ ತಿಂದು ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ರೊಟ್ಟಿ ತಿಂದ ನಾಯಿಗಳೂ ಸತ್ತವು. ಬೇರೆ ಜೋಳ ಇಲ್ಲದ ಬಡವರೇ ಅದನ್ನು ತಿಂದದ್ದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನವೆಂಬರ್ 10

ಆರಿಸಿ ತೆಗೆದ ಕೆಟ್ಟ ಬೀಜ ಒಂದು ಪುಟ್ಟಿ ತುಂಬಾ ಆಯಿತು. ಈಗ ನಿಜವಾದ ಕಷ್ಟ.

"ಚೆಲ್ತೀಯೇನವ್ವಾ ಅದನ್ನ? ಗಾಣಕ್ಕೆ ಹಾಕ್ಸು, ಎಣ್ಣೆ ಬರ್ತದೆ. ಹಿಂಡಿ ಎಮ್ಮೆಗೆ ಆಗ್ತದೆ" ಅಂದ ಅಪ್ಪ. ಅಪ್ಪನ ಮಾತು ತಪ್ಪು ಅಂತ ಅನ್ನಲಾರೆ. ಬರದಲ್ಲಿ ಬೆಳೆದವನು ಒಂದು ಕಾಳನ್ನೂ ಬಿಸಾಡಿ ಗೊತ್ತಿಲ್ಲದವನು. ಆದರೆ ಗಾಣಕ್ಕೆ ಹಾಕಿದರೆ ವಿಷ ಸ್ವಲ್ಪ ಎಣ್ಣೆಗೆ ಬರುತ್ತದೆ, ಹೆಚ್ಚಿನದು ಹಿಂಡಿಯಲ್ಲಿ ಉಳಿಯುತ್ತದೆ. ಎಮ್ಮೆ ಹಿಂಡಿ ತಿಂದರೆ ಒಂದು ಭಾಗ ಎಂ1 ಅನ್ನುವ ರೂಪದಲ್ಲಿ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಕುಡಿಯುವುದು ನನ್ನ ತಮ್ಮನ ಎರಡು ವರ್ಷದ ಮಗಳು.

ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ತಾನೇ ಪುಟ್ಟಿ ಎತ್ತಿಕೊಂಡು ಹೋಗಿ ನೀರೊಲೆಗೆ ಸುರಿದ. ಎಣ್ಣೆ ಬೀಜ, ಜೋರಾಗಿ ಉರಿಯಿತು.

ನವೆಂಬರ್ 16

ಅಕ್ಕನ ಮಗ ಒಂದು ನೇರಳೆ ಬೆಳಕಿನ ಟಾರ್ಚ್ ತಂದಿದ್ದ. ಮೆಕ್ಕೆಜೋಳ ಒಡೆದು ಕತ್ತಲಲ್ಲಿ ಈ ಬೆಳಕು ಬಿಟ್ಟರೆ ಬೂಷ್ಟು ಹತ್ತಿದ ಕಡೆ ಹಸಿರು-ಹಳದಿ ಹೊಳೆಯುತ್ತದೆ ಅಂತ ಓದಿದ್ದೆವು. ದಾವಣಗೆರೆ ಕಡೆಯಿಂದ ಬಂದ ಐದು ಕೆ.ಜಿ. ಮೆಕ್ಕೆಜೋಳ ನೋಡಿದೆವು. ಮೂರು ಕಾಳು ಹೊಳೆದವು. ಅದೇ ಹುಮ್ಮಸ್ಸಿನಲ್ಲಿ ಶೇಂಗಾ ನೋಡಿದರೆ ಗೋಣಿಯ ದಾರ, ಉಗುರು, ಅವ್ವನ ಬಿಳಿ ರವಿಕೆ ಎಲ್ಲ ಹೊಳೆಯಿತು. ಹೊಳೆಯುವುದು ವಿಷವಲ್ಲ, ಬೂಷ್ಟು ಬಿಡುವ ಬೇರೊಂದು ವಸ್ತು. ಹೊಳೆಯದಿದ್ದರೆ ಕ್ಷೇಮ ಅಂತಲೂ ಅಲ್ಲ. ಟಾರ್ಚ್ ವಾಪಸ್ಸು ಕೊಟ್ಟೆ. ಮೊರ ಮತ್ತು ಹಗಲು ಬೆಳಕೇ ಸಾಕು.

ಆರಿಸಿದ ಬೀಜವನ್ನು ಗಾಳಿ ಹೋಗದ ಮೂರು ಪದರದ ಚೀಲಕ್ಕೆ ತುಂಬಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಟ್ಟಿದ್ದೇನೆ. ಒಣಗದೆ ತುಂಬಿದ್ದರೆ ಈ ಚೀಲವೂ ಕಾಪಾಡುವುದಿಲ್ಲ.

ಪರೀಕ್ಷೆಗೆ ಕಳಿಸಲು ಪ್ರತಿ ಚೀಲದ ಮೇಲೆ, ನಡುವೆ, ಕೆಳಗೆ ಒಂದೊಂದು ಹಿಡಿ ತೆಗೆದು, ಒಟ್ಟು ಐದು ಕೆ.ಜಿ. ಪುಡಿ ಮಾಡಿ, ಕಲಸಿ, ಅದರಲ್ಲಿ ಅರ್ಧ ಕೆ.ಜಿ. ಕಟ್ಟಿದೆ. ಒಂದೇ ಹಿಡಿ ಕಳಿಸಿದರೆ ಆ ಕೆಟ್ಟ ಬೀಜ ಸಿಗದೇ ಹೋಗಬಹುದು.

ನವೆಂಬರ್ 23

ದೊಡ್ಡಮ್ಮನ ಇಬ್ಬರು ಮಕ್ಕಳನ್ನು ಹೆಪಟೈಟಿಸ್ ಬಿ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆಗೆ ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು. ಶಾಂಘೈನಲ್ಲಿ ನಡೆದ ಒಂದು ಅಧ್ಯಯನ 1994ರಲ್ಲಿ ಬಂದಿತ್ತು. ಅದರಲ್ಲಿ ಅಫ್ಲಾಟಾಕ್ಸಿನ್ ಮಾತ್ರ ಇದ್ದವರಿಗೆ ಲಿವರ್ ಕ್ಯಾನ್ಸರ್ ಸಂಭವ ಸುಮಾರು ಮೂರು ಪಟ್ಟು, ಹೆಪಟೈಟಿಸ್ ಬಿ ಮಾತ್ರ ಇದ್ದವರಿಗೆ ಏಳು ಪಟ್ಟು, ಎರಡೂ ಇದ್ದವರಿಗೆ ಸುಮಾರು ಅರವತ್ತು ಪಟ್ಟು. ಎರಡೂ ಬರೀ ಕೂಡುವುದಿಲ್ಲ, ಗುಣಿಸಿದ್ದಕ್ಕಿಂತಲೂ ಜಾಸ್ತಿಯಾಗುತ್ತವೆ. ಈ ಒಂದು ಲೆಕ್ಕ ಹೇಳಿದಮೇಲೆ ಅಣ್ಣ ಒಪ್ಪಿದ.

ದೊಡ್ಡಮ್ಮನ ಚಿಕ್ಕ ಮಗನಿಗೆ ಹೆಪಟೈಟಿಸ್ ಬಿ ಇಲ್ಲ. ಅವನಿಗೆ ಲಸಿಕೆಯ ಮೊದಲ ಡೋಸ್ ಆಯಿತು. ಅಣ್ಣನಿಗೆ ಇದೆ. ಈಗ ಅವನು ಡಾಕ್ಟರ್ ಕಣ್ಣಳತೆಯಲ್ಲಿದ್ದಾನೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್‌ಗೆ ಬರಲು ಹೇಳಿದ್ದಾರೆ.

ದೊಡ್ಡಮ್ಮ ಇವತ್ತು ಅಂಗಡಿಗೆ ಬಂದಿದ್ದಳು. ತುಂಬಾ ಹೊತ್ತು ಮಾತಾಡಲಿಲ್ಲ. ಹೋಗುವಾಗ, "ಬಲೆ ಚೀಲ ನಮಗೂ ಹೊಲಿದುಕೊಡು, ಮುಂದಿನ ವರ್ಷಕ್ಕೆ" ಅಂದಳು. ಅಳತೆ ಬರೆದುಕೊಂಡೆ. ಈ ವರ್ಷಕ್ಕೆ ನಮ್ಮ ಆರಿಸಿದ ಬೀಜದ ಒಂದು ಚೀಲ ಅವಳ ಮನೆಗೆ. ಭಾನುವಾರ ಅಪ್ಪ ಗಾಡಿಯಲ್ಲಿ ಇಳಿಸಿ ಬರುತ್ತಾನೆ.